ಮಳೆ ರಜೆಯ ದಿನ ನೋಡಬೇಕಾದ ಕಾಡು

ಆಟಿಯ ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ ದಿನ, ಕರೆಂಟು ಕೈಕೊಡದಿದ್ದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಟಿ.ವಿ. ಮುಂದೆ ಸೇರುತ್ತಾರೆ. ಆಗ ಏನು ನೋಡುವುದು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಒಳ್ಳೆಯ ವನ್ಯಜೀವಿ ಚಿತ್ರ ಹಾಕಿ. ಆದರೆ ಆರಿಸಿ ಹಾಕಿ.

ಮಕ್ಕಳಿಗಾಗಿಯೇ ಇಂಥ ಚಿತ್ರ ತೆಗೆಯುವವರಲ್ಲಿ ದೊಡ್ಡ ಹೆಸರು ಡಿಸ್ನಿನೇಚರ್. 2008ರಲ್ಲಿ ಡಿಸ್ನಿ ಸಂಸ್ಥೆ ಇದಕ್ಕೆಂದೇ ಕಟ್ಟಿದ ವಿಭಾಗ. 2024ರ ಏಪ್ರಿಲ್ 22ರ ಭೂಮಿ ದಿನಕ್ಕೆ ಬಂದ ಅವರ ‘ಟೈಗರ್’ ನಮ್ಮ ದೇಶದ ಕಾಡಿನಲ್ಲೇ ತೆಗೆದದ್ದು; ಕತೆ ಹೇಳಿದವರು ಪ್ರಿಯಾಂಕಾ ಚೋಪ್ರಾ. ಅಂಬರ್ ಎಂಬ ತಾಯಿ ಹುಲಿ, ಅದರ ಮರಿಗಳು, ಮರಿಗಳಿಗೆ ಎದುರಾಗುವ ಅಪಾಯಗಳು. ಛಾಯಾಗ್ರಹಣಕ್ಕೆ ಕೈಮುಗಿಯಬೇಕು. ಆದರೆ ಹುಲಿ ಸುಮ್ಮನೆ ಕೂತು ಗಾಳಿಯ ವಾಸನೆ ಹಿಡಿಯುವಾಗಲೂ ಅದರ ಮನಸ್ಸಿನಲ್ಲಿ ಏನಿದೆ ಎಂದು ನಿರೂಪಕಿ ಹೇಳಿಬಿಡುತ್ತಾರೆ. ಮಗು ತಾನೇ ನೋಡಿ ಊಹಿಸಲಿ ಎಂದು ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಕತೆ ಮೊದಲೇ ಸಿದ್ಧವಾಗಿದ್ದರೆ ಪ್ರಾಣಿಯನ್ನು ಅದಕ್ಕೆ ಹೊಂದಿಸುವ ಆಸೆ ಹುಟ್ಟುತ್ತದೆ. ಡಿಸ್ನಿಯದ್ದೇ 1958ರ ‘ವೈಟ್ ವೈಲ್ಡರ್‌ನೆಸ್’ನಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಗಳು ಗುಂಪಾಗಿ ಬಂಡೆಯಿಂದ ನೀರಿಗೆ ಹಾರುವ ದೃಶ್ಯವಿದೆ. ಬೇರೆ ಕಡೆಯಿಂದ ಅವನ್ನು ತರಿಸಿ, ಕ್ಯಾಮೆರಾಕ್ಕಾಗಿ ನೂಕಿದ್ದರೆಂಬ ಸಂಗತಿ ಹೊರಬಿದ್ದದ್ದು 1980ರ ದಶಕದಲ್ಲಿ. ಅಷ್ಟರೊಳಗೆ ಚಿತ್ರ ಆಸ್ಕರ್ ಗೆದ್ದಾಗಿತ್ತು, ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ಒಂದಿಡೀ ತಲೆಮಾರು ನಂಬಿಯೂ ಆಗಿತ್ತು. ಇಂದಿನ ಚಿತ್ರಗಳು ಹಾಗಿಲ್ಲ. ಆದರೂ ಕತೆ ತೀರಾ ಅಚ್ಚುಕಟ್ಟಾಗಿದ್ದರೆ ನಾನು ಸ್ವಲ್ಪ ಎಚ್ಚರವಾಗಿಯೇ ನೋಡುತ್ತೇನೆ.

ನಮ್ಮದೇ ‘ವೈಲ್ಡ್ ಕರ್ನಾಟಕ’ ನನಗೆ ಹೆಚ್ಚು ಪ್ರಿಯವಾದದ್ದು ಇದೇ ಕಾರಣಕ್ಕೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ತಂಡ ಅರಣ್ಯ ಇಲಾಖೆಯ ಜತೆಗೂಡಿ ನಾಲ್ಕು ವರ್ಷ ದುಡಿದು, ಸುಮಾರು 400 ಗಂಟೆಗಳ ಚಿತ್ರೀಕರಣವನ್ನು 52 ನಿಮಿಷಕ್ಕೆ ಇಳಿಸಿತು. 2020ರ ಜನವರಿ 17ರಂದು ಮಲ್ಟಿಪ್ಲೆಕ್ಸ್‌ಗಳಲ್ಲಿ ಬಿಡುಗಡೆಯಾಯಿತು. ಹೆಸರಿಟ್ಟ ನಾಯಕ ಪ್ರಾಣಿ ಇದರಲ್ಲಿಲ್ಲ. ಒಂದು ಕಾಡಿನಿಂದ ಇನ್ನೊಂದಕ್ಕೆ, ಒಂದು ಜೀವಿಯಿಂದ ಮತ್ತೊಂದಕ್ಕೆ ಸಾಗುತ್ತದೆ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಧ್ವನಿ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಮನೆಯವರೆಲ್ಲ ಕೂತಾಗ ಕನ್ನಡದ್ದನ್ನೇ ಹಾಕಿ. ಅದರಲ್ಲಿ ರಿಷಬ್ ಶೆಟ್ಟಿ ಮಾತಾಡಿದ್ದಾರೆ. ಕುಂದಾಪುರದ ಕಡೆಯ ನಾಲಿಗೆ ಅದು. ನಮ್ಮ ಅಜ್ಜಿಯಂದಿರಿಗೆ ಅನುವಾದ ಕೇಳಿದಂತಾಗುವುದಿಲ್ಲ. ಮಕ್ಕಳ ನೋಟವೂ ಅಡಿಬರಹದ ಹಿಂದೆ ಓಡದೆ ಪ್ರಾಣಿಯ ಮೇಲೆಯೇ ನಿಲ್ಲುತ್ತದೆ. ಅಮೋಘವರ್ಷ ಅವರು ಪುನೀತ್ ರಾಜಕುಮಾರ್ ಜತೆ ಮಾಡಿದ ‘ಗಂಧದ ಗುಡಿ’ (2022) ಬೇರೆಯೇ ಬಗೆ. ಅಲ್ಲಿ ನಾವು ನೋಡುವುದು ಕಾಡನ್ನು ಬೆರಗಿನಿಂದ ನೋಡುತ್ತಿರುವ ಅಪ್ಪುವನ್ನು. ಆ ಪ್ರೀತಿಗೆ ಅದರದ್ದೇ ಬೆಲೆಯಿದೆ.

ಬೇಟೆ, ರಕ್ತ ಬಂದಾಗ ಮಕ್ಕಳ ಕಣ್ಣು ಮುಚ್ಚಬೇಕೇ ಎಂದು ತಾಯಂದಿರು ಕೇಳುತ್ತಾರೆ. ಬೇಡ. ಮೈಸೂರಿನ ಕೃಪಾಕರ-ಸೇನಾನಿ ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದ ಕೆನ್ನಾಯಿಗಳನ್ನು ನೋಡಲಿ. ಜಿಂಕೆಯನ್ನು ಹರಿದು ತಿನ್ನುವ ಅದೇ ಬಾಯಿ ಗೂಡಿಗೆ ಮರಳಿ, ನುಂಗಿದ ಮಾಂಸವನ್ನು ಮರಿಗಳ ಮುಂದೆ ಕಕ್ಕುತ್ತದೆ. ಹೆತ್ತ ತಾಯಿಯೇ ಆಗಬೇಕೆಂದಿಲ್ಲ, ಹಿಂಡಿನ ಯಾವ ನಾಯಿಯೂ ಹಾಗೆ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಕಂಡ ಮಗುವಿಗೆ ಬೇಟೆಯೆಂದರೆ ಕ್ರೌರ್ಯ ಎನಿಸುವುದಿಲ್ಲ.

ಬೆಳ್ತಂಗಡಿಯವರು ಮರೆಯಬಾರದ ಇನ್ನೊಂದು ಚಿತ್ರವಿದೆ. ತಾಲ್ಲೂಕಿನ ಮೂಡಣ ಗೋಡೆಯಂತಿರುವ ಕುದುರೆಮುಖದಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಡೆಯುತ್ತಿದ್ದಾಗ, 2001ರಲ್ಲಿ ಶೇಖರ್ ದತ್ತಾತ್ರಿ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಪುಟ್ಟ ಚಿತ್ರ ತೆಗೆದರು. ಗುಡ್ಡ ಕಡಿದ ಮಣ್ಣು ಮಳೆಗೆ ಇಳಿದು ಭದ್ರಾ ನದಿ ಕೆಂಪಗೆ ಹರಿಯುವುದನ್ನು ಅದು ನೇರ ತೋರಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಕೋರ್ಟಿನಲ್ಲಿ ಹೋರಾಡಿದವರು ಬೇರೆ, ಆದರೆ ಆ ನೀರಿನ ಬಣ್ಣವನ್ನು ಊರೂರಿಗೆ ಕಾಣಿಸಿದ್ದು ಕ್ಯಾಮೆರಾ. ಹತ್ತು ವರ್ಷ ದಾಟಿದ ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಇಷ್ಟಿದ್ದೂ ನನಗೊಂದು ಕೊರತೆ ಕಾಡುತ್ತದೆ. ನಮ್ಮ ಅಡಿಕೆ ತೋಟವನ್ನೇ ಕುರಿತ ಚಿತ್ರ ಬೇಕು. ತೇಜಸ್ವಿಯವರ ‘ಕರ್ವಾಲೊ’ ಓದಿದವರು ಹುಡುಕಿಕೊಂಡು ಬರುವ ಹಾರುವ ಓತಿ ಈ ತೋಟಗಳಲ್ಲೇ ಇದೆ. ಮರದ ಬಣ್ಣಕ್ಕೆ ಮರವೇ ಆಗಿ ಅಂಟಿಕೊಂಡಿರುತ್ತದೆ. ಗಂಡು ಗಂಟಲಿನ ಹಳದಿ ಚೀಲವನ್ನು ಬಾವುಟದಂತೆ ಒಮ್ಮೆ ಬಿಚ್ಚಿ ಮಡಚಿದಾಗಷ್ಟೇ ಕಣ್ಣಿಗೆ ಬೀಳುತ್ತದೆ. ಮರುಕ್ಷಣ ಪಕ್ಕೆಲುಬು ಅಗಲಿಸಿ ಚರ್ಮ ಹರಡಿ ತೇಲುತ್ತದೆ, ಮುಂದಿನ ಮರದ ಕೆಳಭಾಗಕ್ಕೆ ಅಂಟಿ, ಇರುವೆ ಹೆಕ್ಕುತ್ತ ಮತ್ತೆ ಮೇಲೇರುತ್ತದೆ. ಮೊಟ್ಟೆಯಿಡಲು ಮಾತ್ರ ಹೆಣ್ಣು ನೆಲಕ್ಕಿಳಿಯುತ್ತದೆ. ಅದೇ ನೆಲದಲ್ಲಿ ನಾವು ಕಳೆ ಸವರುತ್ತೇವೆ, ಗೊಬ್ಬರ ಹಾಕುತ್ತೇವೆ.

ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯಿದೆ. ಹೆಬ್ಬೆರಳ ತುದಿಯಷ್ಟು ಗಾತ್ರ. ತೊರೆಯ ಸದ್ದಿನಲ್ಲಿ ತನ್ನ ಕೂಗು ಮುಳುಗಿಹೋಗುವುದರಿಂದ ಹಿಂಗಾಲನ್ನು ಚಾಚಿ ಬೀಸಿ ಎದುರಾಳಿಗೆ ಎಚ್ಚರಿಕೆ ಕೊಡುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಾರು ನಿಲ್ಲಿಸಿದ ಕುಟುಂಬಗಳೆಲ್ಲ ಜಲಪಾತವನ್ನೇ ನೋಡುತ್ತಿರುತ್ತವೆ, ಕಪ್ಪೆ ತೊರೆಯ ಒದ್ದೆ ಕಲ್ಲಿನ ಮೇಲಿರುತ್ತದೆ.

ಇವೆರಡನ್ನು ಚಿತ್ರಿಸಲು ಹೆಲಿಕಾಪ್ಟರ್ ಬೇಡ, ಕಾಡೊಳಗೆ ಹೋಗುವ ಜೀಪೂ ಬೇಡ. ಹತ್ತಿರದಿಂದ ಹಿಡಿಯುವ ಮ್ಯಾಕ್ರೋ ಲೆನ್ಸ್, ನಿಧಾನಗತಿಯ ಕ್ಯಾಮೆರಾ, ಮಳೆಯ ಸದ್ದನ್ನು ಅಲ್ಲೇ ಹಿಡಿಯುವ ಮೈಕು ಸಾಕು. ಬಹುತೇಕ ವನ್ಯಜೀವಿ ಚಿತ್ರಗಳಲ್ಲಿ ದೂರದ ಲೆನ್ಸಿಗೆ ಸಿಗದ ಹೆಜ್ಜೆ ಸಪ್ಪಳವನ್ನು ಆಮೇಲೆ ಸ್ಟುಡಿಯೋದಲ್ಲಿ ಸೃಷ್ಟಿಸುತ್ತಾರೆ; ಇಲ್ಲಿ ಆ ಅಗತ್ಯವೂ ಬೀಳದು. ಜೊತೆಗೆ ಎರಡು ಮಳೆಗಾಲ ಕಾಯುವ ತಾಳ್ಮೆ ಬೇಕು, ತೋಟದವರ ಒಪ್ಪಿಗೆ ಬೇಕು. ನಿರೂಪಣೆ ಕನ್ನಡದಲ್ಲೂ ತುಳುವಿನಲ್ಲೂ ಇರಲಿ, ಓತಿ ತೇಲುವಷ್ಟು ಹೊತ್ತು ನಿರೂಪಕರು ಮಾತಾಡದಿರಲಿ. ಮೂಡುಬಿದಿರೆಯ ಕಾಲೇಜುಗಳಲ್ಲಿ ಕ್ಯಾಮೆರಾ ಕಲಿಯುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಇದಕ್ಕೆ ಕೈಹಾಕುವುದಾದರೆ ಈ ಮಳೆಗಾಲದಲ್ಲೇ ಶುರುಮಾಡಲಿ.