ಗಾಯ ಬೇರೆ, ಸೊರಗು ಬೇರೆ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡಲು ಕೂತ ಹೊಸಬರು ಮೊದಲು ಎಡವುವುದು ಕಳೆಯುವ ಲೆಕ್ಕದಲ್ಲಿ. ಟಫ್‌ನೆಸ್ 4 ಇರುವ ಕ್ರೀಚರ್‌ಗೆ 2 ಡ್ಯಾಮೇಜ್ ಬಿತ್ತು ಅನ್ನಿ, ‘ಇನ್ನು ಇದರ ಟಫ್‌ನೆಸ್ 2’ ಅಂದುಬಿಡುತ್ತಾರೆ. ಅಲ್ಲ, ಟಫ್‌ನೆಸ್ ನಾಲ್ಕೇ ಇದೆ. ಮೈಮೇಲೆ ಎರಡರ ಗಾಯವಾಗಿದೆ, ಅಷ್ಟೆ. ಗಾಯ ಟಫ್‌ನೆಸ್‌ನ ಮಟ್ಟ ಮುಟ್ಟಿದಾಗ ಕ್ರೀಚರ್ ನಾಶವಾಗುತ್ತದೆ. ಡಿಸ್‌ಫಿಗರ್‌ನಂಥ ಕಾರ್ಡಿನ -2/-2 (ಮೊದಲ ಅಂಕಿ ಪವರ್, ಎರಡನೆಯದು ಟಫ್‌ನೆಸ್) ಹಾಗಲ್ಲ. ಅದು ಗಾಯ ಮಾಡುವುದಿಲ್ಲ, ಮೈಯನ್ನೇ ಸೊರಗಿಸುತ್ತದೆ.

ಮುಕ್ಕಾಲು ಪಾಲು ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳದು. ಎರಡು ಗಾಯವಿರುವ 4/4 ಕ್ರೀಚರ್ ಮೇಲೆ ಡಿಸ್‌ಫಿಗರ್ ಹಾಕಿದರೆ ಟಫ್‌ನೆಸ್ 2ಕ್ಕೆ ಇಳಿಯುತ್ತದೆ, ಗಾಯವೂ 2, ಕಥೆ ಮುಗಿಯಿತು. ಹೇಗೆ ಲೆಕ್ಕ ಹಾಕಿದರೂ ಉತ್ತರ ಒಂದೇ. ಆದರೆ ಎದುರಿಗೆ ಅವಸಿನ್, ಏಂಜಲ್ ಆಫ್ ಹೋಪ್ ಬಂದು ನಿಲ್ಲಲಿ. 8/8, ಅದರ ಮೇಲೆ ‘ಇನ್‌ಡಿಸ್ಟ್ರಕ್ಟಿಬಲ್’. ಐದು ಡ್ಯಾಮೇಜ್ ಕೊಟ್ಟು, ಡಿಸ್‌ಮೆಂಬರ್‌ನಿಂದ -5/-5 ಹಾಕಿದರೂ ಆಕೆ ಜಗ್ಗುವುದಿಲ್ಲ. ಟಫ್‌ನೆಸ್ ಇನ್ನೂ 3 ಉಳಿದಿದೆ. ಐದರ ಗಾಯ ಅದನ್ನು ಮೀರಿದ್ದರೂ ಗಾಯದಿಂದ ಆಗುವ ನಾಶ ಆಕೆಗೆ ತಟ್ಟದು. ಅದೇ ಎರಡು ಡಿಸ್‌ಮೆಂಬರ್ ಹಾಕಿ ನೋಡಿ, ಟಫ್‌ನೆಸ್ ಸೊನ್ನೆಗಿಂತ ಕೆಳಗಿಳಿದು ಆಕೆ ನೇರ ಗ್ರೇವ್‌ಯಾರ್ಡ್‌ಗೆ, ಅಂದರೆ ಸತ್ತ, ಬಳಸಿ ಮುಗಿದ ಕಾರ್ಡುಗಳ ರಾಶಿಗೆ. ನಿಯಮದ ಪ್ರಕಾರ ಇದು ನಾಶವೇ ಅಲ್ಲ, ಹಾಗಾಗಿ ಯಾವ ಕವಚವೂ ಕಾಯುವುದಿಲ್ಲ.

ಸರದಿಯ ಕೊನೆಯಲ್ಲಿರುವ ಒಂದು ಸಣ್ಣ ನಿಯಮದ ಮೇಲೆ ನನಗೆ ವಿಶೇಷ ಪ್ರೀತಿ. 2/2ರ ಗ್ರಿಜ್ಲಿ ಬೇರ್ಸ್‌ಗೆ ಜೈಂಟ್ ಗ್ರೋತ್ ಹಾಕಿ ಆ ಸರದಿಯ ಮಟ್ಟಿಗೆ 5/5 ಮಾಡಿದಿರಿ, ಅದು ಕಾದಾಡಿ ನಾಲ್ಕು ಗಾಯ ಹೊತ್ತು ಉಳಿಯಿತು. ಬಲ ಮೊದಲು ಇಳಿದು ಗಾಯ ಆಮೇಲೆ ಮಾಯುವಂತಿದ್ದರೆ ಪಾಪ, ಕರಡಿ ಸತ್ತೇಹೋಗುತ್ತಿತ್ತು. ಹಾಗಾಗಬಾರದೆಂದೇ ಎರಡನ್ನೂ ಒಂದೇ ಕ್ಷಣದಲ್ಲಿ ಅಳಿಸುತ್ತಾರೆ.

ಇನ್ನು ಟಾರ್ಮೊಗಾಯ್ಫ್. 2007ರಲ್ಲಿ ಬಂದ ಈ ಕಾರ್ಡಿನ ಪವರ್ ಎಂದರೆ ಎಲ್ಲರ ಗ್ರೇವ್‌ಯಾರ್ಡ್‌ಗಳಲ್ಲಿ ಎಷ್ಟು ಬಗೆಯ ಕಾರ್ಡುಗಳಿವೆಯೋ ಅಷ್ಟು. ಟಫ್‌ನೆಸ್ ಅದಕ್ಕಿಂತ ಒಂದು ಹೆಚ್ಚು. ಅಲ್ಲಿ ಲ್ಯಾಂಡ್, ಕ್ರೀಚರ್ ಮಾತ್ರ ಇವೆ ಎಂದುಕೊಳ್ಳಿ, ಆಗ ಇದು 2/3. ಲೈಟ್ನಿಂಗ್ ಬೋಲ್ಟ್‌ನ ಮೂರು ಡ್ಯಾಮೇಜ್ ಸಾಕು ಎನಿಸುತ್ತದೆ. ಆದರೆ ಸಾವಿನ ತಪಾಸಣೆ ನಡೆಯುವ ಮುನ್ನವೇ ಬೋಲ್ಟ್ ತಾನೇ ಗ್ರೇವ್‌ಯಾರ್ಡ್ ಸೇರಿರುತ್ತದೆ. ಅದು ಇನ್‌ಸ್ಟಂಟ್, ಮೂರನೆಯ ಬಗೆ. ಹೊಡೆದ ಕಾರ್ಡೇ ಟಾರ್ಮೊಗಾಯ್ಫನ್ನು 3/4 ಮಾಡಿ ಬದುಕಿಸುತ್ತದೆ! ಇಷ್ಟಕ್ಕೆ ಕೈಚೆಲ್ಲಿದವರನ್ನು ಎಷ್ಟೋ ಸಲ ನೋಡಿದ್ದೇನೆ. ಮೂರರ ಗಾಯ ಸರದಿ ಮುಗಿಯುವವರೆಗೂ ಮಾಯುವುದಿಲ್ಲ ಎಂಬುದನ್ನು ಅವರು ಮರೆತಿರುತ್ತಾರೆ. ಟೇಬಲ್ ಮೇಲೆ ನಿಮ್ಮ ಸ್ಕ್ಯಾವೆಂಜಿಂಗ್ ಊಜ್ ಇದ್ದರೆ ಒಂದು ಹಸಿರು ಮಾನಾ ಕೊಟ್ಟು ಆ ಬೋಲ್ಟನ್ನು ಗ್ರೇವ್‌ಯಾರ್ಡ್‌ನಿಂದ ಆಚೆ ಹಾಕಿ. ಟಫ್‌ನೆಸ್ ಮತ್ತೆ 3ಕ್ಕೆ ಇಳಿಯುತ್ತದೆ, ಕಾದು ಕೂತಿದ್ದ ಗಾಯ ಆಗ ತನ್ನ ಕೆಲಸ ಮುಗಿಸುತ್ತದೆ.