ಕೀಲಿ ಯಾರ ಕೈಲಿದೆ?

'ನಿಮಗ್ಯಾವುದು ಇಷ್ಟ, ವಿಂಡೋಸೋ ಲಿನಕ್ಸೋ?' ಅಂತ ಕೇಳುವವರು ಕಾಫಿಯೋ ಟೀಯೋ ಅನ್ನೋ ಧಾಟಿಯಲ್ಲೇ ಕೇಳುತ್ತಾರೆ. ಅವರವರ ಇಷ್ಟ ಅವರವರಿಗೆ, ಜಗಳ ಯಾಕೆ ಎಂದು ತೀರ್ಪನ್ನೂ ತಾವೇ ಕೊಟ್ಟುಬಿಡುತ್ತಾರೆ. ಇದು ನಮಗೆ ಹಳೆಯ ಪರಿಚಯದ ಮಾತು. ಸಾಹಿತ್ಯದಲ್ಲೂ ನಾವು ಅನ್ಯಾಯದ ಪ್ರಶ್ನೆ ಎತ್ತಿದಾಗಲೆಲ್ಲ ಪಂಡಿತರು ಅದನ್ನು ಅಭಿರುಚಿಯ ಪ್ರಶ್ನೆ ಮಾಡಿ ಕೈತೊಳೆದುಕೊಂಡಿದ್ದಾರೆ. ಹಾಗಾಗಿ ತಂತ್ರಾಂಶದ ವಿಚಾರದಲ್ಲೂ ಈ 'ಇಷ್ಟ' ಎಂಬ ಪದವನ್ನೇ ಮೊದಲು ಹಿಡಿದು ನಿಲ್ಲಿಸಿ ಕೇಳಬೇಕಾಗಿದೆ.

ನಮ್ಮ ಮೊದಲ ಕವಿತೆಗಳಿಗೆ ಅಕ್ಷರ ಜೋಡಿಸಿದ್ದು ತಾಲ್ಲೂಕಿನ ಒಂದು ಡಿಟಿಪಿ ಅಂಗಡಿ. ಪುಟಕ್ಕಿಷ್ಟು ಅಂತ ದುಡ್ಡು ಕೊಟ್ಟೆವು. ಆಮೇಲೆ ಅಂಗಡಿ ಮುಚ್ಚಿತು, ಕಡತ ಪೆನ್‌ಡ್ರೈವಿನಲ್ಲಿ ಉಳಿಯಿತು. ಬೇರೆ ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ 'ಅವ್ವ' ಎಂದು ಬರೆದ ಕಡೆ ಇಂಗ್ಲಿಷಿನ ಚೂರುಪಾರು ಅಕ್ಷರ, ಗೊತ್ತುಗುರಿಯಿಲ್ಲದ ಚಿಹ್ನೆ. ಇದರಲ್ಲಿ ಮಾಟಮಂತ್ರ ಏನಿಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲೇ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ತಂದು ಕೂರಿಸುತ್ತಿದ್ದವು. ಯಾವ ಮನೆಯಲ್ಲಿ ಯಾವ ಕೊಂಬು ಅನ್ನೋದು ತಯಾರಕರಿಂದ ತಯಾರಕರಿಗೆ ಬೇರೆ. ಆ ಫಾಂಟು ಕೈಲಿಲ್ಲದಿದ್ದರೆ ನಾವು ಬರೆದದ್ದನ್ನು ನಾವೇ ಓದುವಂತಿಲ್ಲ. ಕವಿತೆ ನಮ್ಮದು, ಕೀಲಿ ಇನ್ನೊಬ್ಬರದು. ಅಕ್ಷರದ ಹತ್ತಿರ ಸುಳಿಯಬೇಡಿ ಅಂತ ಹೇಳಿಸಿಕೊಂಡವರ ಮಕ್ಕಳು ನಾವು. ಕಲಿತು ಬರೆದ ಮೇಲೂ ಬಾಗಿಲಲ್ಲಿ ನಿಲ್ಲಿಸಿದರೆ, ಅದನ್ನು ಇಷ್ಟ-ಅನಿಷ್ಟದ ಮಾತು ಅಂತ ಹೇಗೆ ಒಪ್ಪೋದು?

1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತ್ತು. ಅದನ್ನು ಕಟ್ಟಿದವರಲ್ಲಿ ದೊಡ್ಡ ಕಂಪನಿಗಳೂ ಇದ್ದವು. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ತುಂಗಾ ಫಾಂಟಿನಲ್ಲಿ ಬಹಳ ಜನ ಕನ್ನಡ ಓದಿದರು. ಆದರೆ ತುಂಗಾವನ್ನು ತಿದ್ದುವ, ನಮ್ಮಿಷ್ಟದಂತೆ ಹಂಚುವ ಹಕ್ಕು ನಮಗಿಲ್ಲ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳ ವಿಷಯ ಹಾಗಲ್ಲ. ಒಂದು ಒತ್ತಕ್ಷರ ಸೊಟ್ಟಗೆ ಕೂತಿದ್ರೆ ಅರ್ಜಿ ಹಿಡಿದು ಕಾಯಬೇಕಿಲ್ಲ. ಬಲ್ಲವರು ತಿದ್ದಬಹುದು, ತಿದ್ದಿದ್ದನ್ನು ಊರಿಗೆಲ್ಲ ಹಂಚಬಹುದು.

ಈ ಹಕ್ಕಿನ ಮಾತನ್ನು ಎತ್ತಿದವರು ಅಮೆರಿಕದ ರಿಚರ್ಡ್ ಸ್ಟಾಲ್ಮನ್. 1983ರಲ್ಲಿ ಗ್ನೂ ಯೋಜನೆ ಸಾರಿದ ಅವರು, ತಂತ್ರಾಂಶವನ್ನು ಬೇಕಾದಂತೆ ಬಳಸುವ, ಒಳಗನ್ನು ಓದಿ ತಿದ್ದುವ, ಹಂಚುವ, ತಿದ್ದಿದ್ದನ್ನು ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಬೇಕು ಎಂದರು. ಹಂಚುವವನು ಪಡೆಯುವವನಿಗೂ ಇದೇ ಹಕ್ಕುಗಳನ್ನು ಕೊಡಲೇಬೇಕೆಂದು 1989ರ ಜಿಪಿಎಲ್ ಪರವಾನಗಿ ಕಟ್ಟುಮಾಡಿತು. 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕೂತ ಕೆಲವರು ಇದಕ್ಕೆ 'ಓಪನ್ ಸೋರ್ಸ್' ಎಂದು ಹೊಸ ಹೆಸರಿಟ್ಟರು. 'ಫ್ರೀ' ಅಂದರೆ ಪುಕ್ಕಟೆ ಅಂತ ಜನ ತಿಳೀತಾರೆ, ವ್ಯಾಪಾರಸ್ಥರು ಬೆಚ್ಚುತ್ತಾರೆ ಅನ್ನೋದು ಅವರ ಚಿಂತೆ. ಹೆಸರಿನ ಜೊತೆ ಪ್ರಶ್ನೆಯೂ ಜಾರಿತು. 'ಇದು ನ್ಯಾಯವೇ?' ಅನ್ನೋದು ಹಿಂದೆ ಸರಿದು 'ಇದು ಚೆನ್ನಾಗಿ ಓಡುತ್ತದೆಯೇ?' ಅನ್ನೋದು ಮುಂದೆ ಬಂತು. ನ್ಯಾಯ ಹಿಂದೆ ಸರಿದಲ್ಲಿ 'ಇಷ್ಟ' ಬಂದು ಕೂತಿತು.

ಪುಕ್ಕಟೆ ಅನ್ನುವುದಕ್ಕೆ ನಮ್ಮಲ್ಲಿ ಇನ್ನೊಂದು ಪದವಿದೆ: ಬಿಟ್ಟಿ. ಗೌಡರ ಹೊಲದಲ್ಲಿ, ಶಾನುಭೋಗರ ಅಂಗಳದಲ್ಲಿ ನಮ್ಮ ಹಿರಿಯರು ಮಾಡಿದ್ದು ಬಿಟ್ಟಿ ಚಾಕರಿ. ಆದ್ದರಿಂದ ಬಿಟ್ಟಿಯಾಗಿ ಏನಾದರೂ ಸಿಕ್ಕರೆ ಅದರ ಹಿಂದೆ ದುಡಿದವರು ಯಾರು ಅಂತ ಕೇಳುವುದು ನಮ್ಮ ಕರ್ತವ್ಯ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಲೋಕದ ಅಂತರ್ಜಾಲ ವ್ಯಾಪಾರದ ಬಹುಪಾಲು ಗುಟ್ಟನ್ನು ಕಾಯುತ್ತಿದ್ದ ಅದಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವನು ಒಬ್ಬನೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್. ಅದರ ಮೇಲೆ ಕೋಟಿಗಟ್ಟಲೆ ಗಳಿಸಿದವರು ಬೆಂಕಿ ಬಿದ್ದ ಮೇಲೆ ನೀರು ಹಿಡಿದು ಬಂದರು. ಮುಕ್ತ ತಂತ್ರಾಂಶವನ್ನು ಹಾಡಿ ಹೊಗಳುವವರು ಈ ಚಾಕರಿಯ ಲೆಕ್ಕವನ್ನೂ ಹೇಳಬೇಕು.

ಇನ್ನೊಂದು ಲೆಕ್ಕ ಬಾಗಿಲಿನದು. 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ-ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಠರಾವು ಮಾಡಿತು. ಮಹಾಡಿನ ಪುರಸಭೆಯೂ 1924ರಲ್ಲಿ ಕೆರೆ ತೆರೆದಿದೆ ಅಂತ ಕಾಗದದ ಮೇಲೆ ಬರೆಯಿತು. ಆದರೂ ಆ ನೀರು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆಯಬೇಕಾಯಿತು. ಪರವಾನಗಿಯೂ ಅಂಥದೇ ಠರಾವು. ಸಂಕೇತ ಎಲ್ಲರಿಗೂ ತೆರೆದಿದೆ, ಬಂದು ಓದಿ ಅನ್ನುತ್ತಾರೆ. ಓದಲು ಇಂಗ್ಲಿಷ್ ಬೇಕು, ಸ್ವಂತ ಯಂತ್ರ ಬೇಕು, ಸಂಜೆ ಕೂಲಿಯ ಚಿಂತೆಯಿಲ್ಲದ ಬಿಡುವು ಬೇಕು. ಇವು ಯಾರ ಮನೆಯಲ್ಲಿವೆ ಅಂತ ಹೇಳಬೇಕಾ? 'ಇಲ್ಲಿ ಜಾತಿಯಿಲ್ಲ, ಪ್ರತಿಭೆ ಮಾತ್ರ' ಅನ್ನೋ ಮಾತನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ.

ಹಾಗಾದ್ರೆ ಎರಡೂ ಒಂದೇನಾ? ಅಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಬೇಡುವುದೊಂದೇ ದಾರಿ. ತೆರೆದ ಬಾಗಿಲೊಳಗೆ ನಡೆದು ಹೋಗಬಹುದು. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಗೆಳೆಯರು ಅಂಬೇಡ್ಕರ್ ಹೆಸರಿನಲ್ಲಿ ಸಮುದಾಯದ ಕಂಪ್ಯೂಟರ್ ಕೇಂದ್ರ ಕಟ್ಟಿದರು. ಅಲ್ಲಿಯ ಮಕ್ಕಳು ಜಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬಿಡಿಸಿದರು. ಅದಕ್ಕೆ ಅವರು ಯಾರಿಗೂ ಕಪ್ಪ ಕಟ್ಟಬೇಕಿರಲಿಲ್ಲ, ಕದ್ದ ಪ್ರತಿ ಇಟ್ಟುಕೊಂಡು ಹೆದರಬೇಕಿರಲಿಲ್ಲ. ನಡೆದು ಹೋಗುವುದು ಅಂದರೆ ಇದು.

ಡಿಟಿಪಿ ಅಂಗಡಿಯಲ್ಲಿ ಹೊಟ್ಟೆಪಾಡಿಗೆ ಕಂಪನಿಯ ತಂತ್ರಾಂಶ ಬಳಸುವ ಗೆಳೆಯನನ್ನು ನಾವು ಹಂಗಿಸೋದಿಲ್ಲ. ಅವನ ಮೇಲೆ ಶುದ್ಧಾಚಾರ ಹೇರುವುದು ಹೊಸ ಮಡಿಯಾದೀತು. ಆದರೆ ನಮ್ಮ ಜನ ಬರೆದ ಅಕ್ಷರ, ನಮ್ಮ ಹಾಡು, ಕರಪತ್ರ, ಈ ಪುಟ್ಟ ಪತ್ರಿಕೆ ಇನ್ನೊಬ್ಬರ ಬೀಗದೊಳಗೆ ಕೂರಬಾರದು. ಈ ಬರಹವನ್ನು ಯೂನಿಕೋಡಿನಲ್ಲೇ, ಮುಕ್ತ ಫಾಂಟಿನಲ್ಲೇ ಬರೆದಿದ್ದೇವೆ. ಕಡತ ಬೇಕಾದವರು ಕೇಳಿ ಪಡೆಯಿರಿ, ತಪ್ಪಿದ್ದರೆ ತಿದ್ದಿ.

ಕಳೆದುಹೋದ ಕವಿತೆಗಳಲ್ಲಿ ಒಂಬತ್ತನ್ನು ನೆನಪಿನಿಂದ ಮತ್ತೆ ಬರೆದೆವು. ಉಳಿದವು ಆ ಪೆನ್‌ಡ್ರೈವಿನಲ್ಲೇ ಇವೆ.