ಪರದೇಶವಾಸಿಯ ಕನ್ನಡ

ದಿವಂಗತ ಎ. ಕೆ. ರಾಮಾನುಜನ್ನರನ್ನು ಇಂಗ್ಲಿಷ್ ಕವಿಗಳೆಂದೂ, ವಚನಗಳನ್ನು ಹೊರನಾಡಿಗೆ ಮುಟ್ಟಿಸಿದ ಭಾಷಾಂತರಕಾರರೆಂದೂ ಕೊಂಡಾಡಿ, ಅವರ ಕನ್ನಡ ಕೃತಿಗಳನ್ನು ಬಿಡುವಿನ ವಿನೋದವೆಂಬಂತೆ ಕಡೆಗೊಂದು ಸಾಲಿನಲ್ಲಿ ಮುಗಿಸುವ ವಾಡಿಕೆಯು ನಮ್ಮ ಬೋಧಕವರ್ಗದಲ್ಲಿ ಬೆಳೆದಿದೆ. ಇದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯವು.

ಮೊದಲು ಕಾಲವನ್ನು ನೋಡಬೇಕು. 1929ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು 1959ರಲ್ಲಿ ಅಮೆರಿಕೆಗೆ ತೆರಳಿ, ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, 1993ರಲ್ಲಿ ಅಲ್ಲಿಯೇ ತೀರಿಕೊಂಡರು. ‘ಹೊಕ್ಕುಳಲ್ಲಿ ಹೂವಿಲ್ಲ’ ಹೊರಟದ್ದು 1969ರಲ್ಲಿ, ‘ಮತ್ತು ಇತರ ಕವಿತೆಗಳು’ 1977ರಲ್ಲಿ, ‘ಮತ್ತೊಬ್ಬನ ಆತ್ಮಚರಿತ್ರೆ’ಯೆಂಬ ಕಾದಂಬರಿಯು 1978ರಲ್ಲಿ, ‘ಕುಂಟೋಬಿಲ್ಲೆ’ 1990ರಲ್ಲಿ. ಒಂದೊಂದೂ ನಾಡನ್ನು ಬಿಟ್ಟ ಮೇಲೆ ಬಂದದ್ದೇ. ವಲಸೆಯು ನುಡಿಯನ್ನು ಒಣಗಿಸುವುದೆಂಬ ನಂಬಿಕೆಗೆ ಇದು ಬಾಧಕವಾದ ಸಂಗತಿ.

ಇಲ್ಲಿ ಒಂದು ಹೋಲಿಕೆಯು ಉಪಯುಕ್ತವಾಗಬಹುದು. ಚೀನೀ ವಲಸಿಗರ ಮಗಳಾಗಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ ಅವರು 1976ರಲ್ಲಿ ‘ದಿ ವುಮನ್ ವಾರಿಯರ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಸ್ಮೃತಿಕಥನವೆಂದು ಹೆಸರಾದ ಅದರಲ್ಲಿ ತಾಯಿ ಹೇಳಿದ ಕಥೆಗಳೂ ಮಗಳ ಕಲ್ಪನೆಯೂ ಬಿಡಿಸಲಾಗದಂತೆ ಬೆರೆತಿವೆ. ರಾಮಾನುಜನ್ನರು ಅದೇ ಎಲ್ಲೆಗೆ ಎದುರುದಿಕ್ಕಿನಿಂದ ಬಂದರು: ಬರೆದದ್ದು ಕಾದಂಬರಿ, ಇಟ್ಟ ಹೆಸರು ಆತ್ಮಚರಿತ್ರೆ, ಅದೂ ‘ಮತ್ತೊಬ್ಬನ’ದು. ಆದರೆ ತಾಯಿಯ ಚೀನೀ ಮಾತನ್ನು ಕಿಂಗ್‌ಸ್ಟನ್ ಅವರು ಇಂಗ್ಲಿಷಿನಲ್ಲಿಯೇ ಬರೆದರು. ರಾಮಾನುಜನ್ನರ ಸ್ಥಿತಿಯು ಬೇರೆ. ತಾಯಿಯೊಡನೆ ತಮಿಳು, ಗಣಿತಜ್ಞರಾದ ತಂದೆಯೊಡನೆ ಇಂಗ್ಲಿಷು, ಬೀದಿಯಲ್ಲಿ ಕನ್ನಡ, ಹೀಗೆ ಬೆಳೆದವರು ಅವರು. ಅವರ ಕನ್ನಡವು ತೊಟ್ಟಿಲಲ್ಲಿ ಬಂದದ್ದಲ್ಲ, ಹೊಸ್ತಿಲು ದಾಟಿ ಗಳಿಸಿದ್ದು. ಮೊದಲನೆಯ ವಲಸೆಯು ಮೈಸೂರಿನ ಮನೆಬಾಗಿಲಲ್ಲಿಯೇ ನಡೆದಿತ್ತೆನ್ನಬಹುದು. ಶಿಕಾಗೋವಿನಲ್ಲಿ ಮೂರು ದಶಕಗಳು ತುಂಬುತ್ತಿದ್ದಾಗ ಕೊನೆಯ ಸಂಗ್ರಹಕ್ಕೆ ಮಕ್ಕಳ ಬೀದಿಯಾಟದ ಹೆಸರನ್ನಿಟ್ಟದ್ದು ಆಕಸ್ಮಿಕವೆಂದು ನಾವು ಒಪ್ಪಲಾರೆವು.

ದೋಷವನ್ನೂ ಹೇಳಬೇಕು. 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ವಚನದ ಗದ್ಯವು ಕಿರುಸಾಲುಗಳಾಗಿ ಒಡೆದಿದೆ. ಕೊಟ್ಟೂರು, ಕೂಡ್ಲಿಗಿಗಳ ಕಡೆ ಹತ್ತು ಜನರ ನಡುವೆ ವಚನವನ್ನು ಕೇಳಿದವನಿಗೆ ಆ ಇಂಗ್ಲಿಷು ಏಕಾಂಗಿಯ ಸ್ವಗತದಂತೆ ತೋರುವುದು. ಶರಣರ ಗೋಷ್ಠಿಯು ಅಲ್ಲಿ ಕಾಣದು. ಕನ್ನಡ ಕವಿತೆಗಳಲ್ಲಿಯಾದರೋ ಆಡುಮಾತೇ ಆಧಾರವಾದ್ದರಿಂದ, ಒಂಟಿಯಾಗಿ ಓದಿದರೂ ಕೇಳುವವನೊಬ್ಬನು ಎದುರಿಗೆ ಇದ್ದೇ ಇರುತ್ತಾನೆ.